ಆಟೋದಲ್ಲಿ ಇನ್ನೂ ಮಾತಾಡುತ್ತಿರುವ ಭಾವನಿಗೆ

ಪ್ರೀತಿಯ ಭಾವ,

ಧೈರ್ಯ ಬಂದರೆ ಕೆಳಗೆ ಸಹಿ ಹಾಕಲಿರುವ ನಾನು, ನಿಮ್ಮ ಹೆಂಡತಿಯ ಒಬ್ಬನೇ ತಮ್ಮ, ವಿಜಯನಗರದ ಕಾಲೇಜಿನಲ್ಲಿ ಹಳಗನ್ನಡ ಕಲಿಸಿ ಹೊಸಗನ್ನಡದಲ್ಲಿ ಬೈಸಿಕೊಳ್ಳುವ ಅಧ್ಯಾಪಕ, ಯಾರ ಒತ್ತಾಯವೂ ಇಲ್ಲದೆ, ಬುದ್ಧಿ ಸ್ವಾಧೀನದಲ್ಲಿರುವಾಗಲೇ (ಈ ಅಂಶದಲ್ಲಿ ಅಕ್ಕನ ಭಿನ್ನಾಭಿಪ್ರಾಯವಿದೆ) ಒಂದು ಕಳ್ಳತನವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಕದ್ದ ಮಾಲು: ಒಂದು ಪೆನ್‌ಡ್ರೈವ್. ಕದ್ದ ಸ್ಥಳ: ಮೈಕ್ ಆಟೋದ ನಾಗರಾಜ ಟೀ ಕುಡಿಯಲು ಇಳಿದಾಗ ತೆರೆದೇ ಬಿಟ್ಟಿದ್ದ ಅವನ ಗಾಡಿ. ಇಷ್ಟೇ ಆಗಿದ್ದರೆ ದೇವರಿಗೊಂದು ತಪ್ಪುಕಾಣಿಕೆ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಕದ್ದ ಜಾಗವನ್ನು ಖಾಲಿ ಬಿಟ್ಟು ಬರಲಿಲ್ಲ ಭಾವ. ಅಲ್ಲಿ ನಿಮ್ಮನ್ನು ಇಟ್ಟು ಬಂದೆ.

ನಿಮ್ಮ ರಾಜಾಜಿನಗರದ ಐಟಿಐನ ಪ್ರಾಂಶುಪಾಲರ ಕೋಣೆಯಲ್ಲಿ ಆ ಹೊಸ ಧ್ವನಿಮುದ್ರಣವನ್ನು ಮೊದಲು ಕೇಳಿಸಿದ ಬೆಳಗ್ಗೆ ನೀವು ಇರಬೇಕಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಆಟೋಗೆ ಮೈಕ್ ಕಟ್ಟಿ, ‘ಮಕ್ಕಳನ್ನು ಐಟಿಐಗೂ ಕಳಿಸಿ’ ಎಂದು ಬೀದಿ ಬೀದಿ ಸುತ್ತಿಸುವ ಪದ್ಧತಿ ನೀವು ಹಾಕಿದ್ದೇ ತಾನೆ? ಈ ವರ್ಷ ಮಾತು ಕೂಡ ಮೇಲಿನಿಂದಲೇ ಸಿದ್ಧವಾಗಿ ಬಂತು. ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣು ದನಿ. ‘ಕೌಶಲ್ಯ ಪರಿಸರ ವ್ಯವಸ್ಥೆಯ ಪರಿವರ್ತನಾ ಪಥದಲ್ಲಿ ಸಕ್ರಿಯ ಭಾಗೀದಾರರಾಗಿ’ ಎಂದಿತು. ಹಿನ್ನೆಲೆಯಲ್ಲಿ ಕೊಳಲು. ನಾವೆಲ್ಲ ಗಂಭೀರವಾಗಿ ತಲೆಯಾಡಿಸಿದೆವು (ಆಟೋದ ಮಾತು ಬರೆದುಕೊಡುವವನೆಂದು ನನ್ನನ್ನೂ ಕರೆದಿದ್ದರು). ಕಾಫಿ ತಂದ ಅಟೆಂಡರ್ ಮಾತ್ರ ಬಾಗಿಲಲ್ಲೇ ನಿಂತು, “ಸಾರ್, ಇದು ಯಾವ ಆಸನ? ಬೆನ್ನು ನೋವಿಗಾ, ಮಂಡಿ ನೋವಿಗಾ?” ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ಸಂಕಟ. ಹೇಳಬೇಕಾದ ಸುದ್ದಿ ಒಳ್ಳೆಯದೇ. ಆದರೆ ಹೇರೋಹಳ್ಳಿಯ ಶೀಟಿನ ಮನೆಯಲ್ಲಿ ಅಕ್ಕಿ ತೊಳೆಯುತ್ತಿರುವ ತಾಯಿಗೆ ಅದು ತನ್ನ ಮಗಳ ಸುದ್ದಿ ಎಂದು ಹೇಗೆ ಗೊತ್ತಾಗಬೇಕು? ನಾನು ಕದ್ದದ್ದು ಆ ಜೇನು ದನಿಯ ಪೆನ್‌ಡ್ರೈವನ್ನೇ.

ಹೋದ ವರ್ಷ ನಿಮ್ಮ ದನಿಯನ್ನು ನಾವು ಮುದ್ರಿಸಿಕೊಂಡ ಭಾನುವಾರ ನೆನಪಿದೆಯೇ? ರಸ್ತೆಯ ಸದ್ದು ಬರಬಾರದೆಂದು ಅಕ್ಕನ ಬೀರುವಿನ ಬಾಗಿಲು ತೆರೆದು, ಅವಳ ರೇಷ್ಮೆ ಸೀರೆಗಳ ನಡುವೆ ನಿಮ್ಮ ತಲೆ ತೂರಿಸಿ, ಹಿಂದೆ ನಾನು ಫೋನ್ ಹಿಡಿದು ನಿಂತಿದ್ದೆ. “ಮೂವತ್ತು ವರ್ಷ ಸಂಸಾರ ಮಾಡೀನಿ, ಈ ಬೀರುದಾಗ ತಲಿ ಹಾಕಾಕ ಇವತ್ತ ಪರವಾನಗಿ ಸಿಕ್ತು ನೋಡ ಮಾಸ್ತರ” ಅಂದಿರಿ ಬಾಗಲಕೋಟೆಯ ಗತ್ತಿನಲ್ಲಿ. ನಾನು ಬರೆದುಕೊಟ್ಟ ಮಾತುಗಳಲ್ಲಿ ನನಗೆ ತುಂಬ ಹೆಮ್ಮೆ ತಂದದ್ದು ‘ಕೈ ಗ್ರೀಸಾದರೆ ಬಾಯಿ ಚೀಸು’ ಎಂಬ ಗಾದೆ. ನೀವು ಅದನ್ನು ಓದಿ, ಕನ್ನಡಕ ತೆಗೆದು, ನನ್ನನ್ನು ನೋಡಿದ ನೋಟ!

“ಹೇರೋಹಳ್ಳ್ಯಾಗ ಚೀಸ್ ತಿನ್ನೋರು ಯಾರದಾರೋ?”

“ಪ್ರಾಸ ಭಾವ, ಪ್ರಾಸ.”

“ಪ್ರಾಸ ತಿಂದ್ರ ಹೊಟ್ಟಿ ತುಂಬತೈತೇನು? ನಾ ಹೇಳಂಗಿಲ್ಲ.”

ಹೇಳಲಿಲ್ಲ. ನನ್ನ ಹಾಳೆ ಪಕ್ಕಕ್ಕಿಟ್ಟು ನಿಮಗೆ ತೋಚಿದ್ದನ್ನೇ ಹೇಳಿದಿರಿ: “ಏ ಅವ್ವಾ, ಅಕ್ಕಾ, ಅಣ್ಣಾ, ಒಂದ್ ಕ್ಷಣ ಇಲ್ಲಿ ಕೇಳ್ರಿ. ಐಟಿಐ ಅಂದ್ರ ನಪಾಸಾದವ್ರ ಛತ್ರ ಅಲ್ಲ. ಈಗ ಹೊಸಾ ವರ್ಕ್‌ಶಾಪು, ಹೊಸಾ ಮಷಿನ್ ಬರಾಕತ್ತಾವ. ಕರೆಂಟಿನ ಗಾಡಿ ರಿಪೇರಿನೂ ಕಲಸ್ತೀವಿ. ಕಲ್ಕೋತ ಕಲ್ಕೋತ ಕಾರ್ಖಾನ್ಯಾಗೂ ಕೆಲಸ ಮಾಡ್ತಾರ. ಇಲ್ಲಿ ಮುಗಿಸಿದವ್ರು ಡಿಪ್ಲೊಮಾ ಎರಡನೇ ವರ್ಷಕ್ಕ ಹೋಗಬಹುದು, ಆಮ್ಯಾಲೆ ಇಂಜಿನಿಯರೂ ಆಗಬಹುದು, ದಾರಿ ಮುಚ್ಚಂಗಿಲ್ಲ. ಹುಡುಗ್ಯಾರನ್ನೂ ಕಳಸ್ರಿ.” ಆಗ ಕೆಮ್ಮು ಬಂತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನೀವು ಕೆಮ್ಮು ಮುಗಿಸಿ, ಯಾರೂ ಬರೆದುಕೊಡದ ಇನ್ನೊಂದು ಮಾತು ಸೇರಿಸಿದಿರಿ: “ಅನುಮಾನ ಇದ್ರ ಬರ್ರಿ. ಗೇಟಿನ ಬಾಗಲದಾಗ ನಾನೇ ಕುಂತಿರ್ತೀನಿ. ನನ್ನ ಕೇಳ್ರಿ.” ಕೆಮ್ಮನ್ನೂ ಕುಕ್ಕರನ್ನೂ ಕತ್ತರಿಸೋಣ ಅಂದೆ. ನಾಗರಾಜ ಬೇಡ ಅಂದ. ಕುಕ್ಕರ್ ಕೂಗನ್ನು ಅವನು ಕಾರ್ಖಾನೆಯ ಸೈರನ್ ಎಂದುಕೊಂಡು, “ಎಫೆಕ್ಟು ಸಕತ್ತಾಗಿ ಹಾಕಿದೀರ ಗುರುಗಳೇ” ಎಂದು ನನ್ನ ಕೈ ಕುಲುಕಿದ್ದ.

ನಿಮ್ಮ ಜೊತೆ ಮನೆ ಮನೆ ಸುತ್ತಿದ ಬೇಸಿಗೆಗಳು ಈಗ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಾಗುತ್ತವೆ. ಅತ್ತಿಗುಪ್ಪೆಯ ಒಬ್ಬ ಯಜಮಾನರು ಪಾನಕ ಕೊಟ್ಟು ಕೂರಿಸಿ, “ಐಟಿಗಾದ್ರೆ ಸರಿ ಸಾರ್, ಐಟಿಐ ಅಂದ್ರೆ ನಾಳೆ ಹುಡುಗನಿಗೆ ಹೆಣ್ಣು ಯಾರು ಕೊಡ್ತಾರೆ?” ಎಂದಿದ್ದರು. ಹೊರಗೆ ಬಂದ ಮೇಲೆ ನಾನು, “ನೋಡಿ ಭಾವ, ಕೊನೇಲಿ ಒಂದು ‘ಐ’ ಜಾಸ್ತಿ ಆಗಿದ್ದಕ್ಕೆ ಮದುವೆ ಮುರಿದು ಬಿತ್ತು” ಅಂದೆ. ನೀವು ನಗಲಿಲ್ಲ. ನನ್ನ ಜೋಕಿಗೆ ನೀವು ನಗದೆ ಇದ್ದದ್ದು ಅದೊಂದೇ ಸಲ ಎಂದು ಬರೆಯೋಣ ಎಂದುಕೊಂಡೆ, ಆದರೆ ಸತ್ಯವೇ ಬೇರೆ. ನೀವು ಯಾವತ್ತೂ ನಗುತ್ತಿರಲಿಲ್ಲ, ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಿಮ್ಮದೇ ಎಂದು ಹೇಳಿ ನಗಿಸುತ್ತಿದ್ದಿರಿ. ಆ ದಿನ ನಡೆಯುತ್ತ ಹೇಳಿದಿರಿ: “ತಪ್ಪು ಆ ಮನಷ್ಯಾಂದಲ್ಲೋ. ನಾವು ಇಷ್ಟು ವರ್ಷ ಏನ್ ತೋರಿಸೀವಿ? ನಾ ಹುಟ್ಟೂಕಿಂತ ಮೊದಲಿನ ಮಷಿನ್. ಹುಡುಗ್ರು ಇಲ್ಲಿ ಒಂದ್ ಕಲೀತಾರ, ಕಾರ್ಖಾನ್ಯಾಗ ಹೋಗಿ ನೋಡಿದ್ರ ಬ್ಯಾರೆನ ಐತಿ. ಮೊದ್ಲ ನಾವು ಬದಲಾಗಬೇಕು, ಆಮ್ಯಾಲೆ ಮಂದಿಗೆ ಹೇಳಬೇಕು.” ಬದಲಾಗುವ ಕಾಲ ಬಂದಾಗ, ಹೊಸ ವರ್ಕ್‌ಶಾಪಿನ ಗೋಡೆ ಏಳುವಾಗ, ದಿನಾ ಸಂಜೆ ಹೋಗಿ ಇಟ್ಟಿಗೆಗೆ ನೀರು ಸರಿಯಾಗಿ ಹಾಕಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದಿರಂತೆ. ಸ್ವಂತ ಮನೆ ಕಟ್ಟಿಸುವಾಗ ಅದನ್ನು ಅಕ್ಕನಿಗೆ ಬಿಟ್ಟಿದ್ದಿರಿ! ಗೋಡೆ ಎದ್ದಿತು, ಸೂರು ಬಂತು, ಬಣ್ಣವೂ ಆಯಿತು. ಮಷಿನ್‌ಗಳು ಲಾರಿಯಿಂದ ಇಳಿಯುವ ಹೊತ್ತಿಗೆ ನೀವು...

ನಿಮ್ಮ ಪೆನ್‌ಡ್ರೈವ್ ಸೇರಿದ ಆಟೋ ಬಸವೇಶ್ವರನಗರಕ್ಕೆ ಬಂದ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ನಮ್ಮ ಬೀದಿ ಬಿಟ್ಟು ಹೋಗು ಎಂದು ನಾಗರಾಜನಿಗೆ ಹೇಳುವುದನ್ನು ಮರೆತಿದ್ದೆ. ನನ್ನ ಕಳ್ಳತನಗಳೂ ನನ್ನ ಪಾಠಗಳಂತೆಯೇ, ತಯಾರಿ ಕಡಿಮೆ. ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು. ದೂರದಿಂದ ‘ಏ ಅವ್ವಾ, ಅಕ್ಕಾ, ಅಣ್ಣಾ’ ಕೇಳಿಸಿತು. ಅವಳ ಕೈ ನಿಂತಿತು. ಎದ್ದು ಹೋಗಿ ಗೇಟು ಹಿಡಿದು ನಿಂತಳು. ಆಟೋ ಮೆಲ್ಲಗೆ ಮುಂದೆ ಹಾದುಹೋಗುತ್ತಿತ್ತು, ನಿಮಗೆ ಕೆಮ್ಮು ಬಂತು, ಅಕ್ಕ ಮೈಕಿನ ಕಡೆ ನೋಡಿ ಗದರಿದಳು: “ನೀರು ಕುಡೀರಿ ಮೊದ್ಲು, ಆಮೇಲೆ ಭಾಷಣ.” ಒಳಗೆ ಬಂದು ಮತ್ತೆ ಹುರುಳಿಕಾಯಿ ಎತ್ತಿಕೊಂಡಳು.

“ಯಾರೋ ಇದನ್ನ ಹಾಕಿದ್ದು?”

“ನಾಗರಾಜ ಇರ್ಬೇಕು.”

“ನಾಗರಾಜನಿಗೆ ಇಷ್ಟು ಬುದ್ಧಿ ಇಲ್ಲ ಬಿಡು.”

“ಮತ್ತೆ ಇನ್ಯಾರು?”

“ಅದೇ ಯೋಚನೆ ಮಾಡ್ತಿದೀನಿ. ನಿಂಗೆ ಇಷ್ಟು ಧೈರ್ಯ ಇಲ್ಲ ಅಂದ್ಕೊಂಡಿದ್ದೆ.” ಇನ್ನೊಂದು ಕಾಯಿಯ ನಾರು ಎಳೆದು, ತಲೆ ಎತ್ತದೆ, “ನಾಳೆ ಎಷ್ಟೊತ್ತಿಗೆ ಬರುತ್ತಂತೆ?” ಎಂದಳು.

ನೀವು ನಮ್ಮನ್ನು ಬಿಟ್ಟುಹೋದ ಆ ವಾರ ನಾನು ನಡೆದುಕೊಂಡ ರೀತಿಯನ್ನು ನೀವು ನೋಡಬೇಕಿತ್ತು ಭಾವ, ನಿಜಕ್ಕೂ ಹೆಮ್ಮೆ ಪಡುತ್ತಿದ್ದಿರಿ. ಬ್ಯಾಂಕಿನವರಿಗೆ, ಗ್ಯಾಸಿನವನಿಗೆ, ಹಾಲಿನವನಿಗೆ, ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲ ಬಳಿ ನಿಮಗಾಗಿ ಸೇವಂತಿಗೆ ಎತ್ತಿಡುತ್ತಿದ್ದ ಹೂವಿನಮ್ಮನಿಗೆ, ಎಲ್ಲರಿಗೂ ನಾನೇ ಹೇಳಿದೆ. ‘ಭಾವ ತೀರಿಕೊಂಡರು.’ ದನಿ ನಡುಗಲಿಲ್ಲ. ಹವಾಮಾನ ವರದಿ ಓದಿದ ಹಾಗೆ. ಶ್ರದ್ಧಾಂಜಲಿ ಸಭೆಯಲ್ಲಿ ನಿಮ್ಮ ಶಿಷ್ಯರು ಸಾಲಾಗಿ ಅಳುತ್ತಿದ್ದರೆ ನಾನು ಮೈಕ್ ಹಿಡಿದು, ಎಲೆಕ್ಟ್ರಿಷಿಯನ್ ವಿಭಾಗದವರು ಇಷ್ಟು ನೀರು ಸುರಿಸಿದರೆ ಶಾರ್ಟ್ ಸರ್ಕ್ಯೂಟ್ ಆದೀತು ಎಂದು ನಗಿಸಿದೆ. ‘ಮೇಷ್ಟ್ರು ಗಟ್ಟಿ ಮನುಷ್ಯ’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. ಆಮೇಲೂ ಹಾಗೆಯೇ. ದುಃಖವನ್ನು ನಾನು ವ್ಯಾಕರಣದಂತೆ ಇಟ್ಟುಕೊಂಡಿದ್ದೇನೆ, ಗೊತ್ತಿರುತ್ತದೆ, ಮಾತಿನ ಮಧ್ಯೆ ತೋರಿಸಿಕೊಳ್ಳುವುದಿಲ್ಲ.

ಪ್ರವೇಶದ ಕೊನೆಯ ದಿನ ಐಟಿಐ ಗೇಟಿನ ಪಕ್ಕ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ನಾನು ಕೂತಿದ್ದೆ. ಕಾಲೇಜಿಗೆ ರಜೆ ಹಾಕಿ ಬಂದಿದ್ದೆ. ನೀವು ಕೂರುತ್ತಿದ್ದ ಜಾಗ ಅದು, ಖಾಲಿ ಬಿಡಲು ಮನಸ್ಸಾಗಲಿಲ್ಲ. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಒಬ್ಬ ತಾಯಿ, ಮಗಳು ಬಂದರು. ತಾಯಿಯ ಹೆಸರು ಹನುಮವ್ವ. ಸಿಂಧನೂರಿನ ಕಡೆಯವರು, ಹೇರೋಹಳ್ಳಿಯಲ್ಲಿ ವಾಸ, ನಾಗರಬಾವಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸ್ವಚ್ಛತೆಯ ಕೆಲಸ. ಆ ಸಮವಸ್ತ್ರದಲ್ಲೇ ಬಂದಿದ್ದರು. ಮಗಳು ಭಾಗ್ಯ, ಎಸ್ಸೆಸ್ಸೆಲ್ಸಿ ಮುಗಿಸಿದವಳು, ಅಂಕಪಟ್ಟಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ತಾಯಿ ನನ್ನನ್ನು ಒಮ್ಮೆ ನೋಡಿ, ನನ್ನ ಹಿಂದೆ ನೋಡಿ, ಗೇಟಿನ ಆಚೆ ನೋಡಿದರು.

“ಎಲ್ಲಿ ಅದಾರ್ರಿ ಆ ಸರ್ರು?”

“ಯಾವ ಸರ್ ಅಮ್ಮ?”

“ಆಟೋದಾಗ ಮಾತಾಡ್ತಾರಲ್ರಿ, ಕೆಮ್ಮಿ ಕೆಮ್ಮಿ. ನಮ್ಮ ಕಡಿ ಮಾತು. ಬಾಗಲದಾಗ ನಾನೇ ಕುಂತಿರ್ತೀನಿ ಅಂತ ಹೇಳ್ಯಾರ.”

“ಏನು ಬೇಕೋ ನನ್ನನ್ನ ಕೇಳಿ, ನಾನೂ ಇಲ್ಲಿಯವನೇ.”

“ನಿಮ್ಮನ್ನ ಕೇಳ್ರಿ ಅಂತ ಅವರು ಹೇಳಿಲ್ಲಲ್ರಿ.”

ಈ ಉತ್ತರಕ್ಕೆ ಯಾವ ಅಲಂಕಾರಶಾಸ್ತ್ರದಲ್ಲಿ ಪರಿಹಾರವಿದೆ, ನೀವೇ ಹೇಳಿ. ಹನುಮವ್ವನ ಕಷ್ಟ ಮೆಲ್ಲಗೆ ಹೊರಬಂತು. ಅವರ ಸೂಪರ್‌ವೈಸರ್ ಮಗಳಿಗೂ ಅದೇ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಗೊತ್ತು ಮಾಡಿದ್ದ, ಮಾರನೆಯ ದಿನದಿಂದಲೇ. ಭಾಗ್ಯ ಒಪ್ಪಿರಲಿಲ್ಲ. ಆಟೋದ ದನಿ ಕೇಳಿದಾಗಿನಿಂದ ಕರೆಂಟಿನ ಕೆಲಸ ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಅಕ್ಕಪಕ್ಕದವರು, ಐಟಿಐ ಸೇರಿದರೆ ಎರಡು ವರ್ಷ ದಂಡ, ಹೆಣ್ಣುಮಗಳಿಗೆ ಆ ಕೆಲಸ ಯಾರು ಕೊಡುತ್ತಾರೆ ಎಂದಿದ್ದರು. ಹನುಮವ್ವ ಅರ್ಧ ದಿನ ರಜೆ ಬೇಡಿ ಬಂದದ್ದು ಒಂದೇ ಕಾರಣಕ್ಕೆ: ಗೇಟಿನಲ್ಲಿ ಕೂತಿರುತ್ತೇನೆ ಎಂದ ಮನುಷ್ಯ ನಿಜಕ್ಕೂ ಕೂತಿದ್ದಾನೋ ಇಲ್ಲವೋ ನೋಡಲು. ಕೂತಿದ್ದರೆ, ಅವನು ಹೇಳಿದ ಉಳಿದದ್ದೂ ನಿಜ.

“ಕುಂತಿರ್ತೀನಿ ಅನ್ನೋದ ಸುಳ್ಳಾದ್ರ, ಮಷಿನು, ಡಿಪ್ಲೊಮಾ, ಅದೆಲ್ಲ ಹೆಂಗ್ ನಂಬಬೇಕ್ರಿ?” ಎಂದರು. ಮಗಳ ಕಡೆ ತಿರುಗಿ, “ನಡಿ, ಡ್ಯೂಟಿ ತಪ್ಪತೈತಿ” ಅಂದರು. ಭಾಗ್ಯ ಮೇಜಿನ ಅಂಚು ಹಿಡಿದುಕೊಂಡು ನಿಂತಲ್ಲೇ ನಿಂತಳು.

ಆ ಕ್ಷಣದಲ್ಲಿ ನಿಮ್ಮ ಭಾಮೈದ ತನ್ನ ಎಂದಿನ ಗಟ್ಟಿತನವನ್ನು ಮೆರೆದನು. ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ, ಹೇಳಬೇಕಾದದ್ದನ್ನು ಹೇಳಬೇಕಾದ ರೀತಿಯಲ್ಲಿ ಹೇಳಿ, ಇಂಥ ವಿಷಯದಲ್ಲಿ ಹೆಂಗಸರ ಮಾತು ಹೆಂಗಸರಿಗೆ ಹತ್ತಿರ ಎಂಬ ದೂರದೃಷ್ಟಿಯಿಂದ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಆಟೋ ಹಿಡಿದು ಬಂದಳು. ಬಸವೇಶ್ವರನಗರದಿಂದ ರಾಜಾಜಿನಗರಕ್ಕೆ ಅಷ್ಟು ಬೇಗ ಬರುವುದು ಸಾಧ್ಯ ಎಂದು ನನಗೆ ಗೊತ್ತಿರಲಿಲ್ಲ. ಮನೆಯ ಚಪ್ಪಲಿಯಲ್ಲೇ ಬಂದಿದ್ದಳು.

ಹನುಮವ್ವನ ಪಕ್ಕ ಕೂತು ಅಕ್ಕ ಪೀಠಿಕೆ ಹಾಕಲಿಲ್ಲ. “ಆ ಮಾತಾಡೋರು ನಮ್ಮನೆಯವರು ಕಣಮ್ಮ. ಹೋಗ್ಬಿಟ್ರು. ಮಾತು ಮಾತ್ರ ಇದೆ. ಅವ್ರು ಕೂತಿರ್ತೀನಿ ಅಂದಿದ್ರಲ್ಲ, ಅದಕ್ಕೆ ನಾನು ಬಂದೆ” ಅಂದಳು. ಹನುಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಹನುಮವ್ವ ಕೇಳಿದ್ದು ಸಮಾಧಾನದ ಮಾತಲ್ಲ, ಪ್ರಶ್ನೆ.

“ಹೆಣ್ಣುಮಕ್ಕಳು ಕರೆಂಟಿನ ಕೆಲಸ ಮಾಡ್ತಾರೇನ್ರಿ, ಖರೇನ?”

“ನಮ್ಮನೇಲಿ ಫ್ಯೂಸ್ ಹೋದ್ರೆ ಹಾಕೋದು ಯಾರು ಅಂದ್ಕೊಂಡೆ? ಇವ್ರು ಊರ ಮಕ್ಕಳಿಗೆಲ್ಲ ಕಲಿಸಿದ್ರು, ಮನೇಲಿ ಒಂದು ಬಲ್ಬ್ ಬದಲಾಯಿಸಿದವರಲ್ಲ.”

ಭಾಗ್ಯಳಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಎದ್ದು ಇಬ್ಬರನ್ನೂ ಹೊಸ ವರ್ಕ್‌ಶಾಪಿಗೆ ಕರೆದುಕೊಂಡು ಹೋದಳು. ಅವಳೂ ಅದನ್ನು ನೋಡಿದ್ದು ಅವತ್ತೇ ಮೊದಲು ಭಾವ. ಎಷ್ಟು ಬೆಳಕು, ಎಷ್ಟು ಅಗಲ! ಸಾಲಾಗಿ ಹೊಸ ಮಷಿನ್‌ಗಳು, ಒಂದು ಮೂಲೆಯಲ್ಲಿ ಹೊಟ್ಟೆ ಬಿಚ್ಚಿ ನಿಲ್ಲಿಸಿದ ಕರೆಂಟಿನ ಸ್ಕೂಟರ್. ಹನುಮವ್ವ ಒಂದೊಂದನ್ನೂ ಸಂತೆಯಲ್ಲಿ ಎತ್ತು ನೋಡುವವರಂತೆ ಸುತ್ತು ಹಾಕಿ ನೋಡಿದರು. ಒಬ್ಬಳು ಹಿರಿಯ ವಿದ್ಯಾರ್ಥಿನಿ ಮುಂದಿನ ತಿಂಗಳಿನಿಂದ ಪೀಣ್ಯದ ಕಾರ್ಖಾನೆಗೆ ಅಪ್ರೆಂಟಿಸ್ ಹೋಗುತ್ತಿರುವುದಾಗಿ ಹೇಳಿದಾಗ ಅವಳ ಅಂಗೈ ಹಿಡಿದು ತಿರುಗಿಸಿ ನೋಡಿದರು. ಆದರೂ ಮನಸ್ಸು ಕೂರಲಿಲ್ಲ. “ನಾಳಿಂದ ಬಾ ಅಂತ ಸೂಪರ್‌ವೈಸರ್ ಹೇಳ್ಯಾನ. ಬಿಟ್ರ ಆ ಕೆಲಸ ಹೋಕ್ಕೈತಿ” ಎಂದರು. ಆಗ ಭಾಗ್ಯ, “ಎವ್ವಾ, ಆ ಕಸಬರಿಗಿ ಎಲ್ಲಿಗೂ ಓಡಿ ಹೋಗಂಗಿಲ್ಲ, ಇನ್ನೆರಡು ವರ್ಷ ಬಿಟ್ಟು ಕೇಳಿದ್ರೂ ಅಲ್ಲೇ ಇರತೈತಿ. ಈ ಗೇಟು ಇವತ್ತ ಮುಚ್ತಾರ” ಅಂದಳು.

ಹನುಮವ್ವ ಅಕ್ಕನ ಕಡೆ ತಿರುಗಿ, “ನಾಳೆ ಏನರ ಹೆಚ್ಚುಕಮ್ಮಿ ಆದ್ರ ಯಾರ್ನ ಕೇಳಬೇಕ್ರಿ ನಾನು?” ಎಂದರು.

“ನನ್ನನ್ನ.”

“ನೀವು ದಿನಾ ಈ ಗೇಟಿನಾಗ ಇರ್ತೀರೇನು?”

“ಇರಲ್ಲ. ಮನೇಲಿ ಇರ್ತೀನಿ. ವಿಳಾಸ ಕೊಡ್ತೀನಿ, ಬಾ. ಕಾಫಿ ಕುಡಿದು ಜಗಳ ಆಡೋಣ.”

ಭಾಗ್ಯ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಸೇರಿದಳು ಭಾವ. ನಿಮಗೆ ತಲುಪದೆ ಉಳಿದ ಸುದ್ದಿ ಇದು. ಹನುಮವ್ವ ಅವತ್ತು ಡ್ಯೂಟಿಗೆ ತಡವಾಗಿ ಹೋಗಿ ಬೈಸಿಕೊಂಡರಂತೆ. ಬೈದವನಿಗೇ, “ಮಗಳನ್ನ ಐಟಿಐಗೆ ಹಾಕಿ ಬಂದೀನಿ” ಎಂದು ಹೇಳಿ ಬಂದರಂತೆ. ಈಗ ಭಾಗ್ಯ ಭಾನುವಾರ ಅಕ್ಕನ ಮನೆಗೆ ಬರುತ್ತಾಳೆ. ಕಲಿತದ್ದನ್ನು ನಮ್ಮ ಮನೆಯ ಮೇಲೆಯೇ ಪ್ರಯೋಗಿಸುತ್ತಾಳೆ. ವರಾಂಡದ ಕಾಲಿಂಗ್ ಬೆಲ್ ಬಿಚ್ಚಿ ಜೋಡಿಸಿದ ದಿನ, ಒತ್ತಿದವರ ಕೈಗೆ ಸಣ್ಣಗೆ ಚುರುಕು ಮುಟ್ಟುತ್ತಿತ್ತು. ಚಂದಾ ಕೇಳಲು ಬಂದ ಇಬ್ಬರು ಹಾಗೆಯೇ ವಾಪಸಾದರು, ಅಕ್ಕ ಅದನ್ನು ಸರಿ ಮಾಡುವುದೇ ಬೇಡ ಅಂದಳು. ಭಾಗ್ಯ ಸರಿ ಮಾಡಿದಳು, ಆಮೇಲೆ. ಹೇರೋಹಳ್ಳಿಯ ಅವರ ಬೀದಿಯಿಂದ ಮುಂದಿನ ವರ್ಷಕ್ಕೆ ಇನ್ನೂ ಕೆಲವರು ವಿಚಾರಿಸುತ್ತಿದ್ದಾರೆ. ಅವರಿಗೆ ನನ್ನ ಗಾದೆಯೂ ಬೇಕಿಲ್ಲ, ಕೊಳಲೂ ಬೇಕಿಲ್ಲ. ‘ಹನುಮವ್ವನ ಮಗಳು ಹೋಗ್ತಾಳಲ್ಲ, ಅದೇನು?’ ಎಂದು ಕೇಳುತ್ತಾರೆ. ಇನ್ನು ಮುಂದೆ ಪ್ರತಿ ಪ್ರವೇಶದ ಕಾಲಕ್ಕೂ ಆ ಮೇಜಿನ ಹಿಂದೆ ನಮ್ಮ ಮನೆಯವರೊಬ್ಬರು ಇರುತ್ತಾರೆ, ಅದು ನಾನು ನಿಮಗೆ ಕೊಡುವ ಮಾತು. ಅಕ್ಕ ಅದಕ್ಕಾಗಿ ಹೊಸ ಕುರ್ಚಿ ದಿಂಬನ್ನೂ ಹೊಲಿದಿದ್ದಾಳೆ.

ಪತ್ರ ಇಲ್ಲಿಗೆ ಮುಗಿಯಬಹುದಿತ್ತು. ಇಷ್ಟು ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. ‘ಹೇಳಬೇಕಾದದ್ದನ್ನು ಹೇಳಬೇಕಾದ ರೀತಿಯಲ್ಲಿ ಹೇಳಿ’ ಎಂಬಲ್ಲಿಗೆ ಬಂದಾಗ ಅವಳು, “ಅವ್ರ ಹತ್ರಾನೂ ರೀಲು ಬಿಡ್ತೀಯಾ ನೀನು?” ಅಂದಳು. ಅದಕ್ಕೇ ಇದು.

ನಾನು ಹೇಳಲಿಲ್ಲ ಭಾವ. ‘ತೀರಿಕೊಂಡರು’ ಎಂದು ಬ್ಯಾಂಕಿಗೆ, ಗ್ಯಾಸಿಗೆ, ಊರಿಗೆಲ್ಲ ಹೇಳಿದ ಬಾಯಿ ಆ ತಾಯಿಯ ಎದುರು ತೆರೆಯಲಿಲ್ಲ. ಅವರೆಲ್ಲರಿಗೂ ನೀವು ಹೋದದ್ದು ಸುದ್ದಿ, ಅಷ್ಟೇ. ಈಕೆಯೊಬ್ಬರು ನಿಮ್ಮನ್ನು ಹುಡುಕಿಕೊಂಡು ಬಂದಿದ್ದರು, ನೀವು ಇದ್ದೀರಿ ಎಂದುಕೊಂಡು, ಇವತ್ತು, ಈ ಗೇಟಿನಲ್ಲಿ... ನಾನೇನು ಮಾಡಲಿ? ನನ್ನ ಬಾಯಿಂದ ಬಂದದ್ದು ಇಷ್ಟು: “ಸಾರ್ ಊಟಕ್ಕೆ ಹೋಗಿದಾರಮ್ಮ. ಕೂತ್ಕೊಳ್ಳಿ, ಬಂದ್ಬಿಡ್ತಾರೆ.”

ಫೋನ್ ಮಾಡಿದ್ದು ಕೂಡ ದೂರದೃಷ್ಟಿಯಿಂದಲ್ಲ. ಅಕ್ಕ ಎತ್ತಿದಾಗ ನನಗೆ ಮಾತೇ ಹೊರಡಲಿಲ್ಲ. ಅವಳು ಇನ್ನೇನೋ ಅನಾಹುತವಾಯಿತೆಂದು ಓಡಿ ಬಂದಳು. ಬಂದು ನೋಡಿದರೆ ಹನುಮವ್ವನ ಪಕ್ಕ ಅದೇ ಬೆಂಚಿನ ಮೇಲೆ ಗಟ್ಟಿ ಮನುಷ್ಯನಾದ ನಾನೂ ಕೂತಿದ್ದೆ, ಕಣ್ಣು ರಸ್ತೆಯ ಕಡೆ. ಅಕ್ಕ ಹೆಗಲ ಮೇಲೆ ಕೈ ಇಟ್ಟು “ಏನೋ ಆಯ್ತು?” ಅಂದಾಗ ನಾನು ಕೊಟ್ಟ ಉತ್ತರವನ್ನು ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ, ಪುಣ್ಯಾತ್ಗಿತ್ತಿ.

“ಇನ್ನೂ ಬಂದಿಲ್ಲ ಕಣಕ್ಕ” ಅಂದಿದ್ದೆ.